ಬಟ್ಟೆ ಕಂಡ ಹೋರಿ

ಆ ಕರುವನ್ನು ಕಾಸ್ತೊ ಮೊದಲು ಕಂಡದ್ದು ಫೆಬ್ರುವರಿಯ ಒಂದು ಬೆಳಿಗ್ಗೆ, ಸ್ಪೇನಿನ ಸಾಲಮಾಂಕಾದ ಓಕ್ ಮರಗಳ ನಡುವಿನ ಹುಲ್ಲುಗಾವಲಿನಲ್ಲಿ. ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ತಾಯಿ ಹಸು ಸತ್ತು ಬಿದ್ದಿತ್ತು. ಒದ್ದೆ ಮೈಯ ಕಪ್ಪು ಕರು ಅದರ ತಣ್ಣಗಾದ ಕೆಚ್ಚಲನ್ನು ಮೂತಿಯಿಂದ ಗುದ್ದುತ್ತಿತ್ತು. ಎಡಗಿವಿ ಇನ್ನೂ ಮಡಚಿಕೊಂಡೇ ಇತ್ತು. ಕಾಸ್ತೊ ಕುದುರೆಯಿಂದ ಇಳಿದು ಅದನ್ನು ಎತ್ತಿಕೊಂಡ.

ಕಾಳಗದ ಹೋರಿ ಸಾಕುವ ದೊನ್ ಗಾಸ್ಪಾರನ ಜಮೀನಿನಲ್ಲಿ ಅವನು ಮೂವತ್ತು ವರ್ಷಗಳಿಂದ ಹೋರಿ ಕಾಯುವವನು. ಅಲ್ಲಿ ಯಾರೂ ಹೋರಿಯೆದುರು ನಿಂತು ಬಟ್ಟೆ ಬೀಸಬಾರದು. ಒಮ್ಮೆ ಬಟ್ಟೆಯಾಟ ಕಂಡ ಹೋರಿ ಮುಂದೆ ಕಾಳಗದ ಕಣದಲ್ಲಿ ಬಟ್ಟೆಗೆ ಹಾಯುವುದಿಲ್ಲ, ಅದನ್ನು ಬೀಸುವ ಮನುಷ್ಯನಿಗೇ ಹಾಯುತ್ತದೆ. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನೇ ಕಾಸ್ತೊ.

ಆದರೆ ಆ ವರ್ಷ ಹೆಂಡತಿ ತೀರಿಕೊಂಡಿದ್ದಳು. ಮಗಳು ನಿಯೆವೆಸ್ ಮ್ಯಾಡ್ರಿಡ್ಡಿನಲ್ಲಿ ಹೋರಿಕಾಳಗ ನಿಲ್ಲಿಸಿ ಎಂದು ಬೀದಿಗಿಳಿದಿದ್ದಳು, ಅಪ್ಪನೊಡನೆ ಮಾತು ಬಿಟ್ಟಿದ್ದಳು. ಕಾಸ್ತೊ ಮಾತಾಡುತ್ತಿದ್ದುದು ಬಾಟಲಿ ಹಾಲು ಕುಡಿಯುವ ಕರುವಿನೊಡನೆ ಮಾತ್ರ. ಒಂದು ಮಧ್ಯಾಹ್ನ ಅಂಗಿ ಬಿಚ್ಚಿ ಬೀಸಿದ. ಕರು ಹಾಯ್ದು ಬಂತು. ಅವನು ಬಿದ್ದು ಬಿದ್ದು ನಕ್ಕ. ಬೇಸಗೆ ಮುಗಿಯುವವರೆಗೂ ಅದೇ ಆಟವಾಯಿತು.

ನಾಲ್ಕು ವರ್ಷದ ಬಳಿಕ ದೊನ್ ಗಾಸ್ಪಾರ್ ಸೆಪ್ಟೆಂಬರಿನ ಕಾಳಗಕ್ಕೆ ಆರು ಹೋರಿ ಆರಿಸಿದ. ಮೊದಲನೆಯದೇ ಕಾಸ್ತೊ ಬೆಳೆಸಿದ ಆ ಕಪ್ಪು ಹೋರಿ.

"ನೋಡ್ತಿರು, ಇದಕ್ಕೆ ಜೀವದಾನ ಸಿಕ್ಕಿ ವಾಪಸ್ ಬರತ್ತೆ," ಎಂದ.

ಬರಬಹುದಿತ್ತು. ಕಾಳಗದ ಕೊನೆಗೆ ಹೋರಿಯನ್ನು ಕೊಲ್ಲುವುದೇ ವಾಡಿಕೆ, ಆದರೆ ಚೆನ್ನಾಗಿ ಕಾದಿದ್ದನ್ನು ಅಪರೂಪಕ್ಕೆ ಜನ ಕರವಸ್ತ್ರ ಬೀಸಿ ಉಳಿಸಿಕೊಳ್ಳುತ್ತಾರೆ. ಕಾಸ್ತೊ ಬಟ್ಟೆಯಾಟದ ಬಗ್ಗೆ ಬಾಯಿ ಬಿಟ್ಟರೆ ಅದು ನೇರ ಕಸಾಯಿಖಾನೆಗೆ. ಸುಮ್ಮನಿದ್ದರೆ ಕಾಳಗಕ್ಕಿಳಿಯುವ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಏನೂ ತಿಳಿಯದೆ ಅದರ ಕೊಂಬಿನ ಮುಂದೆ. ಮೂರು ದಿನ ಕಳೆದ ಮೇಲೆ ಕಾಸ್ತೊ ದೊನ್ ಗಾಸ್ಪಾರನೆದುರು ಹೋಗಿ ನಿಂತ.

"ಅದು ಬೇಡ ಯಜಮಾನ್ರೇ. ಅದಕ್ಕೆ ಬಟ್ಟೆ ಗೊತ್ತು. ನಾನೇ ಆಡಿಸಿದ್ದು."

"ನೀನಾ? ಮುದಿ ಕತ್ತೆ, ನೀನಾ? ನಾಲ್ಕು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಆಗ ಒಬ್ಬನೇ ಇದ್ದೆ, ಅಷ್ಟೆ."

"ಒಬ್ಬನೇ ಇದ್ರೆ ನಾಯಿ ಸಾಕ್ಬೇಕಿತ್ತು!"

ಮಂಗಳವಾರ ಕಸಾಯಿಖಾನೆಯ ಲಾರಿ ಬಂತು. ಕಾಸ್ತೊನೇ ಹೋರಿಯನ್ನು ಹತ್ತಿಸಿದ. ಆ ದಿನವೇ ಅವನ ಕೆಲಸವೂ ಹೋಯಿತು.

ಸುದ್ದಿ ಹೇಗೋ ತಲುಪಿ ನಿಯೆವೆಸ್ ಫೋನ್ ಮಾಡಿದಳು. "ಅಪ್ಪಾ, ಒಂದನ್ನಾದ್ರೂ ಕಾಳಗದಿಂದ ತಪ್ಪಿಸಿದ್ಯಂತೆ!"

"ಅದಕ್ಕಲ್ಲ ಕಣೇ. ಆ ಹುಡುಗ ಸಾಯ್ತಿದ್ದ. ಹೋರಿ ಉಳೀಲಿಲ್ಲ, ಕಸಾಯಿಖಾನೆಗೆ ಹೋಯ್ತು."

"ಈಗಲೂ ಕಾಳಗ ಸರಿ ಅಂತೀಯಾ?"

"ನಾಲ್ಕು ವರ್ಷ ರಾಜನ ಹಾಗೆ ಬದುಕ್ತವೆ, ಅಷ್ಟು ಸಾಕು ಅಂತ ಎಲ್ಲರಿಗೂ ಹೇಳ್ತಿದ್ದೆ. ಲಾರಿ ಬಾಗಿಲು ಹಾಕೋವಾಗ ಆ ಮಾತು ಬಾಯಿಗೆ ಬರ್ಲಿಲ್ಲ."

ಅವಳು ಫೋನ್ ಇಟ್ಟಳು.

ಈಗ ಕಾಸ್ತೊ ಪಕ್ಕದ ಜಮೀನಿನಲ್ಲಿ ಹಂದಿ ಮೇಯಿಸುತ್ತಾನೆ. ಇರುವುದು ಅಲ್ಲಿಯ ಕಲ್ಲಿನ ಕೋಣೆಯಲ್ಲಿ, ಒಬ್ಬನೇ.