ಕೆಂಪು ಕಾರಿನ ಹಿಂದಿದ್ದ ಕಲ್ಲು

ಸುಟ್ಟ ಗೇರ್ ಆಯಿಲ್ ವಾಸನೆ ಬೇರೆ ಯಾವುದರ ಹಾಗೂ ಇರುವುದಿಲ್ಲ. ತಳ ಹಿಡಿದ ಬೆಲ್ಲದ ಪಾಕಕ್ಕೆ ಸ್ವಲ್ಪ ಹತ್ತಿರ... ಅಷ್ಟೇ. ಕಳೆದ ವಾರ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವಾಗ, ಮುಂದಿದ್ದ ಯಾವುದೋ ಹಳೆಯ ಕಾರಿನಿಂದ ಆ ವಾಸನೆ ನನ್ನ ಕಿಟಕಿಯೊಳಗೆ ಬಂತು. ಹಿರಿಯೂರಿನ ಲಾರಿ ಶೆಡ್ಡುಗಳ ಸಾಲಿನ ಮುಂದೆ ನಾನು ಗಾಡಿ ನಿಲ್ಲಿಸಿ ಎಂಟು ವರ್ಷವಾಗಿತ್ತು. ಅವತ್ತು ನಿಲ್ಲಿಸಿದೆ.

ಹಿಂದೆ ಅಲ್ಲಿ ಒಬ್ಬರು ಗೇರ್‌ಬಾಕ್ಸ್ ಮೇಸ್ತ್ರಿ ಇದ್ದರು. ಲಾರಿಯವರಿಗೆಲ್ಲ ಅವರು ಬರೀ ಮೇಸ್ತ್ರಿ. ನನಗೂ ಅಷ್ಟೇ.

ನಾನು ಹೊಸದುರ್ಗದಲ್ಲಿ ಸ್ಟುಡಿಯೋ ಇಟ್ಟವನು. ಮದುವೆಗೆ ಮುಂಚೆಯೇ ಜೋಡಿಗಳು ಫೋಟೋ ತೆಗೆಸಿಕೊಳ್ಳುವ ಗೀಳು ನಮ್ಮ ಕಡೆಗೂ ಬಂದಾಗ, ಎರಡೇ ಬಾಗಿಲಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೆ. ಆಟೋಮ್ಯಾಟಿಕ್ ಗೇರಿನದು. ಗಾಳಿಯಂತ್ರಗಳ ಗುಡ್ಡದ ಮೇಲೆ ಅದನ್ನು ನಿಲ್ಲಿಸಿ ಪಕ್ಕದಲ್ಲಿ ಒರಗಿಸಿದರೆ ನಮ್ಮ ಶ್ರೀರಾಂಪುರದಂಥ ಹಳ್ಳಿಯ ಹುಡುಗನೂ ಬೇರೆ ಯಾರೋ ಆಗಿಬಿಡುತ್ತಿದ್ದ. ಆದರೆ ಕಾರು ಕೈಕೊಡತೊಡಗಿತು. ಬೆಳಿಗ್ಗೆ ಚೆನ್ನಾಗಿಯೇ ಓಡುತ್ತಿತ್ತು. ಬಿಸಿಯಾದ ಮೇಲೆ, ಎರಡನೇ ಗೇರಿನಿಂದ ಮೂರಕ್ಕೆ ಹೋಗಬೇಕಾದಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತಿತ್ತು, ಕಾರು ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಗೇರು ಬೀಳುತ್ತಿತ್ತು. ದೊಡ್ಡ ಊರುಗಳ ಗ್ಯಾರೇಜುಗಳಲ್ಲಿ ಗೇರ್‌ಬಾಕ್ಸನ್ನೇ ಬದಲಿಸಿ ಅಂದರು. ಅಂಥ ಗೇರ್‌ಬಾಕ್ಸ್ ಎಲ್ಲೂ ಸಿಗುವಂತಿರಲಿಲ್ಲ. ಯಾರೋ ಲಾರಿಯವರು ಮೇಸ್ತ್ರಿಯ ಬಗ್ಗೆ ಹೇಳಿದರು.

ಕಾರು ಒಯ್ದ ದಿನ ಸುಡುಬೇಸಿಗೆ ಎಂದು ಬರೆಯಲು ಹೊರಟಿದ್ದೆ. ಅವತ್ತು ನಾನೇ ತೆಗೆದ ಫೋಟೋದಲ್ಲಿ ನೆಲ ಒದ್ದೆಯಾಗಿದೆ. ಹಾಗಾಗಿ ಬೇಸಿಗೆಯನ್ನು ಬಿಟ್ಟುಬಿಡುತ್ತೇನೆ. ಇನ್ನು ಎಷ್ಟನ್ನು ಬಿಡಬೇಕೋ ಗೊತ್ತಿಲ್ಲ.

ಎರಡು ಲಾರಿಗಳ ನಡುವೆ ಕೆಂಪು ಕಾರು ನುಗ್ಗಿದಾಗ ಒಬ್ಬ ಡ್ರೈವರ್ ಕೂಗಿದ, "ಮೇಸ್ತ್ರಿ, ಎಮ್ಮೆ ಕೊಟ್ಟಿಗೆಗೆ ಜಿಂಕೆ ಬಂದೈತೆ ನೋಡ್ರಿ!"

"ಸುಮ್ನಿರಲೇ. ಜಿಂಕೆಗೂ ಹೊಟ್ಟೆ ನೋಯ್ತೈತೆ," ಅಂದರು ಮೇಸ್ತ್ರಿ.

ಅವರು ತಕ್ಷಣ ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕಡ್ಡಿ ಎಳೆದು, ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಬೆಳಕಿಗೆ ಹಿಡಿದರು. ಲೋಹದ ಮಿಣುಕು ಇದೆಯೇ ಎಂದು ನೋಡಿದರು. ಇರಲಿಲ್ಲ. ಮೂಸಿದರು, ನನಗೂ ಮೂಸಿಸಿದರು. ಆಮೇಲೆ ನನ್ನನ್ನು ಒಳಗೆ ಕೂರಿಸಿ, ಬ್ರೇಕ್ ಒತ್ತಿಕೊಂಡು ಗೇರ್ ಲಿವರನ್ನು ಮುಂದೆ ಓಡಿಸುವ ಡಿ ಅಕ್ಷರಕ್ಕೆ ತರಲು ಹೇಳಿ, ಕಾರು ಜಗ್ಗುವವರೆಗೆ ಎಣಿಸಿದರು. ಒಂದು, ಎರಡು, ಮೂರು... ಒಂದರೊಳಗೆ ಜಗ್ಗಬೇಕಿತ್ತಂತೆ.

ಕೆಳಗೆ ನುಸುಳಲು ಆ ಕಾರಿನಡಿ ಜಾಗವೇ ಇರಲಿಲ್ಲ. ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದರು. ಹಿಂದಿನ ಚಕ್ರಕ್ಕೆ ತಾಗುವಂತೆ ಗ್ರೀಸು ಮೆತ್ತಿದ ಒಂದು ಕಪ್ಪು ಕಲ್ಲನ್ನು ಕಾಲಲ್ಲೇ ತಳ್ಳಿ ಇಟ್ಟರು. ಲಾರಿಯವರ ಪದ್ಧತಿ ಅದು. ಗಾಡಿ ಎಲ್ಲಿ ನಿಂತರೂ ಮೊದಲು ಕಲ್ಲು, ಆಮೇಲೆ ಬೀಡಿ.

"ಪಿ ಐತಲ್ಲ ಮೇಸ್ತ್ರಿ, ಒಳಗಿಂದ್ಲೇ ಚಕ್ರ ಹಿಡ್ಕಂತೈತೆ. ಕಲ್ಯಾಕೆ?" ಅಂದೆ. ನಗುತ್ತಲೇ ಅಂದಿದ್ದೆ.

"ನಿಮ್ ಪಿ ನಿಮ್ಗಿರ್ಲಿ, ನನ್ ಕಲ್ಲು ನನ್ಗಿರ್ಲಿ ಫೋಟೋದೋರೇ."

ಎಂಜಿನ್ ಆರಿಸಿದ ಮೇಲೆ, ನಾನು ಮೇಲೆ ಒಂದೊಂದೇ ಅಕ್ಷರ ಕೂಗುತ್ತಾ ಲಿವರ್ ಸರಿಸಬೇಕು. ಅವರು ಕೆಳಗಿಂದ, ಲಿವರಿನ ಕೇಬಲ್ ಎಳೆಯುವ ಗೇರ್‌ಬಾಕ್ಸಿನ ಪಕ್ಕದ ತೋಳು ಎಲ್ಲಿಗೆ ಬಂತೆಂದು ಕೂಗಬೇಕು. ನಾನು "ಡಿ" ಅಂದೆ. "ಪೂರಾ ಬಂದಿಲ್ಲ, ಕೂದಲೆಳೆ ಹಿಂದೈತೆ," ಅಂದರು. ಇನ್ನೊಮ್ಮೆ. ಮತ್ತೆ ಅದೇ. ಕೆಳಗಿನಿಂದಲೇ ನಗು ಕೇಳಿಸಿತು. "ಗೇರ್‌ಬಾಕ್ಸ್ ಕೆಟ್ಟಿಲ್ಲ ಕಣ್ರೀ! ಇಲ್ಲಿ ಕೇಬಲ್ ತುದೀಲಿ ಒಂದು ಬುಷ್ ಸವೆದೈತೆ. ನೀವು ಹೇಳಿದ್ದು ಅದ್ಕೆ ಅರ್ಧ ಕೇಳಿಸ್ತೈತೆ. ಆಯಿಲ್ ಒತ್ತಡ ಸೋರಿ ಒಳಗೆ ಪ್ಲೇಟ್ ಜಾರ್ತಾವೆ, ಅದ್ಕೆ ಸುಡ್ತೈತೆ." ಎಲ್ಲರೂ ಕೈಬಿಟ್ಟ ಕಾರಿನ ರೋಗ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನಲ್ಲಿತ್ತು.

ನನಗೆ ಖುಷಿ ತಡೆಯಲಾಗಲಿಲ್ಲ. ಲಿವರನ್ನು ಪಿಗೆ ತಳ್ಳಿ ಇಳಿದು ಕ್ಯಾಮೆರಾ ತೆಗೆದೆ. ಕೆಂಪು ಕಾರಿನಡಿಯಿಂದ ಚಾಚಿದ ಎರಡು ಬರಿಗಾಲು, ಎರಡೂ ಕಡೆ ಲಾರಿಗಳ ಗೋಡೆ. ಒಂದು ಚಿತ್ರ ತೆಗೆದೆ. ಆ ಕಪ್ಪು ಕಲ್ಲು ಮೂಲೆಯಲ್ಲಿ ಕೊಳಕಾಗಿ ಕಾಣುತ್ತಿತ್ತು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಕಾರು ಅಲುಗಲಿಲ್ಲ, ಪಿ ಹಿಡಿದಿತ್ತು. ಇನ್ನೊಂದು ಚಿತ್ರ ತೆಗೆದೆ. ಕಲ್ಲನ್ನು ಮತ್ತೆ ಇಡುವವನಿದ್ದೆ. ಇದೊಂದನ್ನು ಮಾತ್ರ ನಂಬಿ ಎಂದು ಕೇಳಲು ನನಗೆ ಹಕ್ಕಿಲ್ಲ.

ಕೆಳಗೆ ಅವರು ಸವೆದ ಬುಷ್ ಕಳಚಿ, ಆ ತೋಳನ್ನು ಕೈಯಲ್ಲೇ ತಿರುಗಿಸಿದರು. ಒಳಗಿನ ಪಿಯ ಹಿಡಿತ ಬಿಟ್ಟಿತು. ಕಾರು ಸದ್ದಿಲ್ಲದೆ ಹಿಂದಕ್ಕೆ ಜಾರಿ ಮುಂದಿನ ಚಕ್ರ ಹಲಗೆಯಿಂದ ಅವರ ಬಲಗೈ ಮೇಲೆ ಇಳಿಯಿತು. ಅವರು ಕೂಗಿದರೋ ಇಲ್ಲವೋ... ನೆನಪಿನಲ್ಲಿ ಶಬ್ದವೇ ಇಲ್ಲ. ಕೂಗದೆ ಇರಲು ಸಾಧ್ಯವಿಲ್ಲ, ಆದರೂ ಇಲ್ಲ. ಲಾರಿಯವರು ಕಾರನ್ನು ಎತ್ತಿಯೇ ಬಿಟ್ಟರು. ಜಿಂಕೆಯ ಮಾತಾಡಿದ ಡ್ರೈವರ್ ಕಿರುಚಿದ, "ಕಲ್ಲೆಲ್ಲಲೇ? ಯಾರಲೇ ಕಲ್ಲು ಇಡದೇ ಬಿಟ್ಟೋರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ, ಕೈಯನ್ನು ಎದೆಗೆ ಒತ್ತಿಕೊಂಡು ಹೇಳಿದರು. "ನಾನೇ ಮರ್ತೆ ಕಣ್ರೋ."

ನಾನು ಬಾಯಿ ಮುಚ್ಚಿಕೊಂಡೆ.

ಅವರು ನನ್ನನ್ನು ಉಳಿಸಿದರು, ಲಾರಿಯವರ ಕೈಯಿಂದ ಕಾಪಾಡಲೆಂದೇ ಸುಳ್ಳು ಹೇಳಿದರು ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸ್ನೇಹಿತರಿಗೂ ಹಾಗೇ ಹೇಳಿದ್ದೇನೆ, ಕಲ್ಲಿನ ಭಾಗವನ್ನು ಸ್ವಲ್ಪ ಮಸುಕು ಮಾಡಿ. ಹೇಳಿ ಹೇಳಿ ಅದು ನುಣುಪಾಗಿತ್ತು. ಆಸ್ಪತ್ರೆಗೆ ಒಂದು ಸಲ ಹೋಗಿದ್ದೆ, ಅವರು ನಿದ್ದೆಯಲ್ಲಿದ್ದರು. ಆಮೇಲೆ ಕಾರು ಮಾರಿದೆ. ಶೆಡ್ ಮುಚ್ಚಿದರೆಂದು ಕೇಳಿದೆ. ಕೈ ಹೋದಮೇಲೆ ಇನ್ನೇನು ಮಾಡುತ್ತಾರೆ ಅಂದುಕೊಂಡೆ.

ಕಳೆದ ವಾರ ಶೆಡ್ಡಿನ ಹಿಂದಿನ ಮನೆಯಲ್ಲಿ ಅವರ ಹೆಂಡತಿ ಇದ್ದರು. ಮೇಸ್ತ್ರಿ ತೀರಿಹೋಗಿ ಮೂರು ತಿಂಗಳಾಯಿತಂತೆ. ನನ್ನನ್ನು ಗುರುತು ಹಿಡಿದರು. "ಬರ್ರಿ, ಕುಂತ್ಕಳ್ರಿ. ಫೋಟೋದೋರಲ್ವಾ ನೀವು?"

"ಕೈಗೆ ಹಂಗಾಗದೇ ಇದ್ದಿದ್ರೆ..." ಎಂದು ನಾನು ಶುರುಮಾಡಿದೆ.

"ಕೈಗೇನಾಗಿತ್ತು? ಆರು ತಿಂಗಳಿಗೆ ಸ್ಪ್ಯಾನರ್ ಹಿಡೀತಿದ್ರು. ಒಂದು ಬೆರಳು ಮಡಚ್ತಿರ್ಲಿಲ್ಲ, ಅಷ್ಟೇಯ."

ಹಾಗಾದರೆ ಯಾಕೆ ಬಿಟ್ಟರು ಎಂದು ಕೇಳಿದೆ. ಕೇಳಬಾರದಿತ್ತು.

"ತಲೇನೇ ಸರಿ ಇಲ್ಲ ಅಂತಿದ್ರು. 'ನಾನು ಕಲ್ಲಿಟ್ಟಂಗೇ ನೆನಪೈತೆ ಕಣೇ, ಕಣ್ಣಿಗೆ ಕಟ್ಟಿದಂಗೈತೆ. ಆದ್ರೆ ಅಲ್ಲಿ ಕಲ್ಲಿರ್ಲಿಲ್ಲ. ಇಡದೇ ಇರೋದನ್ನ ಇಟ್ಟೆ ಅಂತ ಹೇಳೋ ತಲೆ ಇಟ್ಕಂಡು ಯಾರ ಬ್ರೇಕು ಮುಟ್ಲಿ, ಯಾರ ಗೇರು ಮುಟ್ಲಿ?' ಅಂತ. ದಿನಾ ಸಂಜೆ ಕುಂದ್ರಿಸ್ಕಂಡು, ಬೆಳಿಗ್ಗೆ ಏನು ತಿಂದೆ ಹೇಳ್ತೀನಿ, ಸರಿ ಐತಾ ನೋಡು ಅನ್ನೋರು. ಎಲ್ಲಾ ಸರೀನೇ ಹೇಳೋರು. ಆದ್ರೂ ನಂಬ್ತಿರ್ಲಿಲ್ಲ. ಸಾಲಿನ ಜನ್ವೂ ಮರೆವಿನ ಮೇಸ್ತ್ರಿ ಅಂತ ಆಡ್ಕಂಡ್ರು."

ಅವರು ಸುಳ್ಳು ಹೇಳಿರಲಿಲ್ಲ. ನನ್ನನ್ನು ಉಳಿಸಿರಲೂ ಇಲ್ಲ. ಕಣ್ಣೆದುರು ಕಲ್ಲು ಇಲ್ಲದ್ದನ್ನು ನೋಡಿ, ತಮ್ಮನ್ನೇ ಅನುಮಾನಿಸಿ, ಆ ಅನುಮಾನದಲ್ಲೇ ಹೆಚ್ಚುಕಡಿಮೆ ಎಂಟು ವರ್ಷ ಬದುಕಿದ್ದರು. ನನ್ನ ಒಂದು ಮಾತು ಸಾಕಿತ್ತು. ಹೊಸದುರ್ಗದಿಂದ ಹಿರಿಯೂರಿಗೆ ಒಂದು ಬಸ್ಸಿನ ದಾರಿ, ಅಷ್ಟೇ...

ಫೋನಿನಲ್ಲಿ ಆ ಎರಡು ಚಿತ್ರಗಳಿದ್ದವು. ಪ್ರತಿ ಹೊಸ ಫೋನಿಗೂ ಅವನ್ನು ಸಾಗಿಸಿದ್ದೆ. ಯಾಕೆಂದು ನನ್ನನ್ನು ಕೇಳಿಕೊಂಡಿರಲಿಲ್ಲ. ಮೊದಲನೆಯದನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಗಂಡನ ಪಾದಗಳನ್ನು ನೋಡಿದರು. ಬೆರಳಿನಿಂದ ಹಿಗ್ಗಿಸಿದರು. ಬೆರಳು ಮೂಲೆಯಲ್ಲಿ ನಿಂತಿತು.

"ಇದೇನು... ಕಲ್ಲು ಐತಲ್ಲ?"

"ಮುಂದಿನ ಫೋಟೋ ನೋಡಮ್ಮ. ಅದ್ರಲ್ಲಿಲ್ಲ. ನಾನು ಸರಿಸ್ದೆ. ಚಿತ್ರದಲ್ಲಿ ಚೆನ್ನಾಗಿ ಕಾಣ್ಲಿಲ್ಲ ಅಂತ."

ಅವರು ಎರಡು ಚಿತ್ರಗಳನ್ನೂ ಹಿಂದೆ ಮುಂದೆ ಸರಿಸಿ ನೋಡಿದರು. ಆಮೇಲೆ, "ಒಂದ್ಮಾತು ಹೇಳಿದ್ರೆ ಆಗ್ತಿತ್ತಲ್ಲಪ್ಪ," ಅಂದರು. ನನ್ನ ಫೋನು ಹಿಡಿದುಕೊಂಡೇ ಎದ್ದರು. ಚಪ್ಪಲಿ ಮೆಟ್ಟದೆ ಹೊರಗೆ ಹೋದರು. ಮೊದಲ ಶೆಡ್ಡಿನ ಮುಂದೆ ಅವರ ದನಿ ಕೇಳಿಸಿತು. "ಲೇ, ಬರ್ರೋ ಇಲ್ಲಿ. ನೋಡ್ರಿ. ಇಟ್ಟಿದ್ರು ಅವ್ರು. ಇಟ್ಟೇ ಇದ್ರು." ಆಮೇಲೆ ಎರಡನೇ ಶೆಡ್ಡು. ಮೂರನೆಯದು. ಯಾರೋ ಸುತ್ತಿಗೆ ಬಡಿಯುವುದನ್ನು ನಿಲ್ಲಿಸಿದರು.

ನಾನು ಎದ್ದು ಅವರ ಹಿಂದೆ ಹೋದೆ. ಸಾಲಿನ ಜನ ಫೋನನ್ನು ನೋಡಿ, ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನೋಡಲಿ ಅನ್ನಿಸಿತು. ಎಲ್ಲರಿಗೂ ತೋರಿಸಿದರೂ ತೋರಿಸಬೇಕಾಗಿದ್ದುದು ಒಬ್ಬರಿಗೇ, ಅವರೇ ಈಗ ಇಲ್ಲ.