ನನ್ನವ್ವ ಲಕ್ಷ್ಮಿಯಲ್ಲ

ಪಕ್ಕದ ಸೈಟಿನಲ್ಲಿ ಸಿಮೆಂಟು ಕಲಸುತ್ತಿದ್ದಾರೆ. ಹಸಿ ವಾಸನೆ ಕಿಟಕಿಯಿಂದ ಬಂದು ನನ್ನ ಮೇಜಿನ ಮೇಲೇ ಕೂತಿದೆ. ನಾನು ಬರೆಯಬೇಕಾದದ್ದು ನನ್ನ ಪರಿಚಯ. ಹೈದರಾಬಾದ್ ಕನ್ನಡಿಗರ ಈ ಪತ್ರಿಕೆಗೆ ಹೊಸಬರು ಬರೆಯುವಾಗ ಮೊದಲು ತಮ್ಮ ಪರಿಚಯ ಹೇಳಿಕೊಳ್ಳುವುದು ಪದ್ಧತಿಯಂತೆ. ಒಂದು ಲೇಖನವೂ ಅಚ್ಚಾಗದೆ ಲೇಖಕಿಯಾದೆನಲ್ಲ ಎಂದು ಕನ್ನಡಿಯಲ್ಲಿ ಮುಖ ನೋಡಿಕೊಂಡದ್ದೂ ಉಂಟು, ನಿಮ್ಮಲ್ಲಿ ಮುಚ್ಚುಮರೆ ಯಾಕೆ.

ಮೊದಲು ಕಳಿಸಿದ್ದು ಇಷ್ಟೇ: ಪತ್ರಿಕೋದ್ಯಮದ ವಿದ್ಯಾರ್ಥಿನಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ನನ್ನವ್ವ ಶರಣಮ್ಮ ಬುಟ್ಟಿ ಹೊತ್ತು ಓದಿಸಿದಳು.

ಸಂಪಾದಕರು ಫೋನ್ ಮಾಡಿದರು. ಕುಷಾಯಿಗೂಡದ ಹಿರಿಯರು, ಮೆದು ಮಾತಿನವರು.

"ಕೊನೇ ಸಾಲು ತಿದ್ದಿದೀನಮ್ಮ. 'ತಾಯಿ ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿದ್ದಾರೆ' ಅಂತ. ನಿನಗೇ ಗೌರವ."

"ಅವ್ವನ ಹೆಸರು ಎಲ್ಲಿ ಹೋತ್ರಿ ಸರ್?"

"ಹೆಸರು ಯಾಕಮ್ಮ? ಜಾಗ ಕಡಿಮೆ."

ಮೈ ಉರಿಯಿತು. ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ.

ಹೈದರಾಬಾದಿನ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಯಾದಗಿರಿ ಕಡೆಯಿಂದ ಬಂದ ಅವ್ವ ನಸುಕಿನಲ್ಲೇ ಮೆಹದಿಪಟ್ಟಣಂನ ಕೂಲಿಯವರ ಅಡ್ಡಾದಲ್ಲಿ ನಿಲ್ಲುತ್ತಿದ್ದಳು. ಶಾಲೆಗೆ ರಜೆಯಿದ್ದರೆ ನಾನೂ ಹೋಗುತ್ತಿದ್ದೆ. ಅಲ್ಲಿನ ಮೇಸ್ತ್ರಿಗೆ ಕನ್ನಡದ ಹೆಂಗಸರೆಲ್ಲ ಲಕ್ಷ್ಮಿಯರೇ. "ಏಯ್ ಲಕ್ಷ್ಮೀ, ಇಟು ರಾ!" ಎಂದು ತೆಲುಗಿನಲ್ಲಿ ಇತ್ತ ಕರೆದರೆ ಹತ್ತು ಜನ ಟೆಂಪೋ ಏರುತ್ತಿದ್ದರು.

ಒಂದು ದಿನ ಅವ್ವ ಏರಲಿಲ್ಲ. "ಲಕ್ಷ್ಮಿ ಯಾರ್ರಿ? ನಾ ಶರಣಮ್ಮ. ಹೆಸರು ಹಿಡದು ಕರೀರಿ, ಬರ್ತೀನಿ."

ನಿನಗೆ ಕೆಲಸ ಬೇಕೋ ಹೆಸರು ಬೇಕೋ ಎಂದು ಮೇಸ್ತ್ರಿ ತೆಲುಗಿನಲ್ಲಿ ಕೇಳಿ ನಕ್ಕ.

"ಎರಡೂ ಬೇಕ್ರಿ."

ಟೆಂಪೋದಲ್ಲಿದ್ದ ನಮ್ಮೂರ ಈರಮ್ಮತ್ತೆ ಕೂಗಿದಳು: "ಸಂಜೀಗೆ ಏನ್ ಉಣ್ತೀಯಬೇ, ಹೆಸರು ಉಣ್ತೀ?"

ಅವತ್ತು ಬರೀ ಗಂಜಿ. ಮರುದಿನವೂ ಅವ್ವ ಅಲ್ಲೇ ನಿಂತಳು, ಅದರ ಮರುದಿನವೂ. ಕಟ್ಟಡಗಳಿಗೆ ಅವಸರ, ಆಳಿಗೆ ಬರ. ಕೊನೆಗೆ ಮೇಸ್ತ್ರಿ ಅಣಕಿಸಿ, ರಾಗ ಎಳೆದು "ಶರಣಮ್ಮಗಾರೂ" ಎಂದ. ಅಣಕವೇ ಇರಲಿ, ಕರೆದ. ಅವ್ವ ಸೆರಗು ಸಿಂಬಿ ಸುತ್ತಿ ಟೆಂಪೋ ಏರಿದಳು.

ಅವಳು ಬುಟ್ಟಿ ಹೊತ್ತ ಕಟ್ಟಡದಲ್ಲಿ ಈಗ ಎಲ್ಲರ ಕೊರಳಲ್ಲೂ ಅವರವರ ಹೆಸರು ತೂಗುತ್ತದೆ. ಹೆಸರಿಲ್ಲದೆ ಗೇಟು ದಾಟಲಾಗದು. ಕಟ್ಟಿದವಳ ಹೆಸರಿಗೆ ಮಾತ್ರ ಎಲ್ಲೂ ಜಾಗ ಕಡಿಮೆ.

ಸಂಪಾದಕರ ಮಾತನ್ನು ಅವ್ವನಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆಯೆತ್ತಲಿಲ್ಲ.

"ಆ ಮೇಸ್ತ್ರಿನೇ ಕರದಾನ, ಇವರಿಗೇನ್ ಧಾಡಿ?"

ಅದಕ್ಕೇ ಮೂರು ಸಾಲು ಬದಿಗಿಟ್ಟು ಇಷ್ಟುದ್ದ ಬರೆದೆ. ಇದರಲ್ಲಿ ಶರಣಮ್ಮ ಎಂಬ ಹೆಸರು ಅಳಿಸಿದರೆ ನಾನೂ ಉಳಿಯುವುದಿಲ್ಲ; ಅಚ್ಚು ಹಾಕುವುದೇ ಬೇಡ ಎಂದು ಸಂಪಾದಕರಿಗೆ ಹೇಳಿದ್ದೇನೆ. ನೀವು ಓದುತ್ತಿದ್ದೀರಿ ಎಂದರೆ ಅವರು ಒಪ್ಪಿದ್ದಾರೆ.

ಕಿಟಕಿಯಾಚೆ ಯಾರೋ "ಏಯ್ ಲಕ್ಷ್ಮೀ" ಎಂದು ಕೂಗುತ್ತಿದ್ದಾರೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ತಿರುಗಿದಳು. ಪೆನ್ನಿನ ಕ್ಯಾಪು ಹಾಕಿ ಕೆಳಗೆ ಹೋಗುತ್ತಿದ್ದೇನೆ. ನಮಗೆ ಕಾಲೇಜಿನಲ್ಲಿ ಮೊದಲು ಕಲಿಸುವುದೂ ಅದನ್ನೇ: ಹೆಸರು ಕೇಳು.