ಅತ್ತೆಯ ಬಿಳಿ ಮುಸುಕಿನ ಜೋಳ

ನಮ್ಮತ್ತೆ ಬೆಳೆಯುವ ಮುಸುಕಿನ ಜೋಳ ಹಾಲುಹಲ್ಲಿನಷ್ಟು ಬೆಳ್ಳಗೆ. ಪೇಟೆಯ ಹಳದಿ ಜೋಳವನ್ನೇ ಕಂಡವರಿಗೆ ಇದು ಜೋಳವೇ ಅಲ್ಲ ಅನ್ನಿಸೀತು. ತೆನೆ ಗಿಡ್ಡ, ಕಾಳು ಸಾಲು ತಪ್ಪಿ ಕೂತಿರುತ್ತದೆ, ಇಳುವರಿಯ ಮಾತಂತೂ ಎತ್ತಲೇಬೇಡಿ. ಆದರೆ ಹಸಿ ತೆನೆಯನ್ನು ಕೆಂಡದ ಮೇಲೆ ಸುಟ್ಟರೆ ಬೀದಿಗೆಲ್ಲ ಘಮ. ಹಿಟ್ಟು ಮಾಡಿ ರೊಟ್ಟಿ ತಟ್ಟಿದರೆ ಮಾರನೆಯ ದಿನಕ್ಕೂ ಮೆತ್ತಗಿರುತ್ತದೆ. ಅತ್ತೆ ಮದುವೆಯಾಗಿ ಶಿರಂಗಾಲದ ಹತ್ತಿರದ ಈ ಮನೆಗೆ ಬರುವಾಗ ಅವರವ್ವ ಮಡಿಲಿಗೆ ಹಾಕಿ ಕಳಿಸಿದ ಬೀಜವಂತೆ. ಅಂದಿನಿಂದ ಒಂದು ವರ್ಷವೂ ಬಿಡದೆ ಹಿತ್ತಲಲ್ಲಿ ಬಿತ್ತಿದ್ದಾರೆ.

ಬೀಜಕ್ಕೆ ತೆನೆ ಆರಿಸುವ ಕೆಲಸ ಅವರದ್ದೇ. ನಾನು ಮುಟ್ಟುವ ಹಾಗಿಲ್ಲ. ಮುಸುಕು ಹಿಂದಕ್ಕೆ ಸುಲಿದು, ತೆನೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಪೂರ್ತಿ ಬೆಳ್ಳಗಿದ್ದರೆ ಮಾತ್ರ ಅದು ಬೀಜ. ಅಂಥವನ್ನು ಮುಸುಕಿನಿಂದಲೇ ಜಡೆ ಹೆಣೆದು ಒಲೆಯ ಮೇಲೆ ಹೊಗೆ ತಾಗುವ ಕಡೆ ತೂಗುಹಾಕುತ್ತಾರೆ. ಬಿತ್ತುವಾಗ ತಲೆ, ಬುಡದ ಕಾಳು ಕೋಳಿಗೆ; ನಡುವಿನದು ಮಾತ್ರ ಮಣ್ಣಿಗೆ.

ಮೊದಲ ಸಲ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಕಂಡಾಗ ನಾನು ಪೆದ್ದಿಯ ಹಾಗೆ, "ಅಯ್ಯೋ ಅತ್ತೆ, ಎಷ್ಟು ಚೆಂದ ಐತೆ ನೋಡಿ" ಅಂದಿದ್ದೆ. ಅತ್ತೆ ತೆನೆ ಕಿತ್ತುಕೊಂಡು ದನದ ಬಾನಿಗೆ ಎಸೆದರು.

"ಚೆಂದ ಅಂತೆ ಚೆಂದ! ಪಕ್ಕದ ಹೊಲದ ಗಾಳಿ ಬಡಿದೈತೆ ಕಣೆ ಇದಕ್ಕೆ. ನಿನ್ನ ಕಣ್ಣಿಗೇನಾಗೈತೆ?"

ಪಕ್ಕದ ಹೊಲ ಬೇರೆ ಯಾರದ್ದೂ ಅಲ್ಲ, ಅವರ ಕಿರಿಯ ಮಗನದ್ದು, ನನ್ನ ಮೈದುನನದ್ದು. ಪಾಲಾದ ಮೇಲೆ ನಮ್ಮ ಪಾಲಿನಲ್ಲಿ ನಾವು ರಾಗಿ, ಶುಂಠಿ ಹಾಕಿಕೊಂಡೆವು, ಅವನು ಹೈಬ್ರಿಡ್ ಜೋಳ ಹಿಡಿದ. ತಪ್ಪೇನಿಲ್ಲ, ಸುತ್ತ ಎಲ್ಲರೂ ಅದನ್ನೇ ಬೆಳೆಯುತ್ತಾರೆ. ಆದರೆ ಜೋಳದ ನೆತ್ತಿಯ ಹೂವಿನ ಪುಡಿ ಬೇಲಿ ಕೇಳಿ ಹಾರುತ್ತದೆಯೇ? ವರ್ಷವರ್ಷವೂ ಹಳದಿ ಹೆಚ್ಚುತ್ತ ಬಂತು. ಎರಡೂ ಒಟ್ಟಿಗೆ ಹೂ ಬಿಡದಿರಲೆಂದು ಒಂದು ಸಲ ನಾವೇ ತಡವಾಗಿ ಬಿತ್ತಿ ನೋಡಿದೆವು. ಮಳೆ ಹಿಡಿದುಕೊಂಡು ಅರ್ಧ ತೆನೆ ಕೊಳೆತವು, ಉಳಿದದ್ದು ಗಿಳಿಗಳ ಪಾಲಾಯಿತು.

ಇಷ್ಟಾದರೂ ಸಹಿಸಬಹುದಿತ್ತು. ಒಂದು ಸಂಜೆ ಕಾಫಿಗೆ ಬಂದ ಮೈದುನ, ಬೀಜದಂಗಡಿಯವನೊಬ್ಬ ಹೊಸ ಜೋಳ ತರಿಸಿಕೊಡುತ್ತಾನಂತೆ ಎಂದು ಸುದ್ದಿ ತೆಗೆದ. "ಕಳೆ ಮದ್ದು ಗಿಡದ ನೆತ್ತಿ ಮೇಲೇ ಹೊಡೆದ್ರೂ ಜೋಳ ಸಾಯಲ್ವಂತೆ ಅತ್ತಿಗೆ. ಕಳೆ ಮಾತ್ರ ಸಾಯ್ತದಂತೆ. ಬಿಲ್ ಮಾತ್ರ ಕೊಡಲ್ವಂತೆ."

ಕಳೆ ಮದ್ದು ತಡೆಯುವ ಇಂಥ ಕುಲಾಂತರಿ ಜೋಳಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ ಎಂದು ನಾನು ಓದಿದ್ದೆ. ಅಂಗಡಿಯವನ ಮಾತು ನಿಜವೋ ಬುರುಡೆಯೋ ದೇವರೇ ಬಲ್ಲ. ನಿಜವಾದರೆ ಅದು ನಮ್ಮ ಹಿತ್ತಲಿಗೂ ಹಾರಿ ಬಂದು ಕೂರುತ್ತದೆ, ಆಮೇಲೆ ಹೋಗು ಅಂದರೆ ಹೋಗುವುದಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅತ್ತೆ ಮಾತ್ರ ಲೋಟ ಕೆಳಗಿಟ್ಟು, "ವಿಷ ಹುಯ್ದ್ರೂ ಸಾಯ್ದೆ ಇರೋದು ಜೋಳ ಏನ್ಲಾ, ದೆವ್ವ ಏನ್ಲಾ?" ಅಂದರು. ಅವನು ನಕ್ಕ. ಅತ್ತೆ ನಗಲಿಲ್ಲ.

ಬೀಜವನ್ನು ನನ್ನ ಅಕ್ಕನ ಮನೆಗೆ ಕಳಿಸುವ ಯೋಚನೆ ನನ್ನದು. ಅವಳಿರುವುದು ಚೆಟ್ಟಳ್ಳಿಯ ಕಡೆ, ಸಣ್ಣ ಕಾಫಿ ತೋಟ. ಎತ್ತ ನೋಡಿದರೂ ಕಾಫಿ, ಮೆಣಸು, ಸಿಲ್ವರ್ ಮರ. ಜೋಳ ಬೆಳೆಯುವವರೇ ಇಲ್ಲ, ಕಲಬೆರಕೆಯಾಗುವ ಭಯವೇ ಇಲ್ಲ. ಫೋನ್ ಮಾಡಿದರೆ ಅಕ್ಕ ಸಿಡಿದಳು.

"ನಿಂಗೇನು ತಲೆಗಿಲೆ ಕೆಟ್ಟಿದೆಯೇನೇ? ಹಲಸಿನ ಹಣ್ಣಿಗೇ ಆನೆ ಬರ್ತವೆ ಅಂತ ನಾವು ಕಾಯಿ ಇರುವಾಗ್ಲೇ ಕಿತ್ತು ಹಾಕ್ತೀವಿ. ನೀನು ಜೋಳ ಹಾಕು ಅಂತೀಯ!"

"ಮನೆ ಹಿಂದೆ ಒಂದು ಚೂರು ಜಾಗ ಅಕ್ಕ. ಒಂದೇ ಒಂದು ವರ್ಷ."

ಬೈದುಕೊಂಡೇ ಒಪ್ಪಿದಳು. ಅತ್ತೆ ಒಲೆಯ ಮೇಲಿನ ಜಡೆ ಬಿಚ್ಚಿ ಒಳ್ಳೆಯ ಕಾಳನ್ನೆಲ್ಲ ಅವಳಿಗೇ ಕಳಿಸಿದರು. ಹಿತ್ತಲಿಗೆ ಉಳಿದಿದ್ದು ಅಷ್ಟಕ್ಕಷ್ಟೆ. ಕಾಫಿಗೆ ಹೂಮಳೆ ಬಿದ್ದಾಗ ಅಕ್ಕ ಬಿತ್ತಿದಳು. ಗಿಡ ಎದೆಯೆತ್ತರ ಬಂದಾಗ ಫೋಟೋ ಕಳಿಸಿದಳು. ಅತ್ತೆ ಮೊಬೈಲನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

ಇನ್ನೇನು ಕೊಯ್ಯಬೇಕು ಅನ್ನುವಾಗ ಆನೆ ಬಂದವು. ಬೆಳಕು ಹರಿಯುವ ಹೊತ್ತು. ಅಕ್ಕನ ಮನೆಯ ಹಿಂದೆಯೇ ತೋಟದ ಕೆಲಸದವರ ಸಾಲುಮನೆಗಳ ಲೈನು. ಅಲ್ಲಿಯ ಹೆಂಗಸೊಬ್ಬಳು ಕೊಡ ಹಿಡಿದು ನಲ್ಲಿಗೆ ಹೊರಟಿದ್ದಾಳೆ, ಎದುರಿಗೇ ಆನೆ. ಕೊಡ ಬಿಸಾಕಿ ಓಡಿ, ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡಳು. ಆನೆಗೆ ಜೋಳದ ಮೇಲೆ ಗಮನವಿತ್ತು, ಹಾಗಾಗಿ ಅವಳ ಜೀವ ಉಳಿಯಿತು. ಸುದ್ದಿ ಕೇಳಿ ನಾನೂ ಅತ್ತೆಯೂ ಬಸ್ಸು ಹತ್ತಿದೆವು. ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ತುಳಿದ ಗಿಡಗಳ ಅಡಿಯಲ್ಲಿ ಸಿಕ್ಕಿದ ತೆನೆಗಳನ್ನು ಒಂದು ಬುಟ್ಟಿಗೆ ಹಾಕಿ ಮುಂದಿಟ್ಟಳು. ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ಅತ್ತೆ ಬುಟ್ಟಿಯ ಕಡೆ ನೋಡದೆ ನೇರ ಲೈನಿಗೆ ಹೋಗಿ, ಆ ಹೆಂಗಸಿನ ಪಕ್ಕ ಕೂತು, ಅವಳ ಒಳ್ಳೆಯ ಕೈಯನ್ನು ಹಿಡಿದುಕೊಂಡರು. ಅವಳ ತಮಿಳು ಇವರಿಗೆ ಬಾರದು, ಇವರ ಕನ್ನಡ ಅವಳಿಗೆ ಅರ್ಧಂಬರ್ಧ. ಇಬ್ಬರೂ ಅತ್ತರು.

ವಾಪಸ್ ಬರುವಾಗ ಹಾರಂಗಿ ದಾರಿಯ ತಿರುವಿನಲ್ಲಿ ಅತ್ತೆ ಬಾಯಿ ಬಿಟ್ಟರು. "ಇನ್ನು ಅಲ್ಲಿಗೆ ಕಳ್ಸಾದು ಬ್ಯಾಡ. ಬೀಜ ಉಳಿಸೋಕೋಗಿ ಹೆಂಗಸಿನ ಜೀವ ತೆಗೀತಿದ್ವಲ್ಲೆ."

ಮನೆಗೆ ಬಂದು ತೆನೆ ಸುಲಿದೆವು. ಒಂದರಲ್ಲೂ ಹಳದಿಯ ಸುಳಿವಿಲ್ಲ. ಅದೇ ವರ್ಷ ನಮ್ಮ ಹಿತ್ತಲ ಬೆಳೆಯಲ್ಲಿ ಪೂರ್ತಿ ಬಿಳಿಯ ತೆನೆ ಒಂದೂ ಸಿಗಲಿಲ್ಲ. ಅಂದರೆ ಆನೆ ಬಿಟ್ಟುಹೋದದ್ದೇ ಕೊನೆಯ ಬೀಜ. ಈ ಸಲ ಕೆಟ್ಟರೆ ಮುಗಿಯಿತು.

ಮರುವರ್ಷ ಬೇಸಿಗೆ ಕಳೆಯುತ್ತಿದ್ದಂತೆ ಮೈದುನನ ಜಗಲಿಯಲ್ಲಿ ಹೆಸರು ಗುರುತಿಲ್ಲದ ಬೀಜದ ಪಾಕೀಟುಗಳು ಬಂದು ಕೂತವು. ನಾನೇ ಕಣ್ಣಾರೆ ಕಂಡು ಬಂದು ಹೇಳಿದೆ. ನನ್ನ ಗಂಡ, "ಅವನ ಹೊಲ, ಅವನಿಷ್ಟ" ಎಂದು ಟವೆಲು ಕೊಡವಿ ಎದ್ದು ಹೋದರು. ತಮ್ಮನ ಜೊತೆ ಮಾತು ಬೆಳೆಸುವುದೆಂದರೆ ಅವರಿಗೆ ಆಗದು. ಅತ್ತೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, "ಬಾ" ಅಂದರು.

ಮೈದುನ ಅಂಗಳದಲ್ಲಿ ಟಿಲ್ಲರ್ ತೊಳೆಯುತ್ತಿದ್ದ. "ಕೂತ್ಕೊಳವ್ವ" ಅಂದ. ಅತ್ತೆ ಕೂರಲಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಅವರು ಯಾರ ಹತ್ತಿರವೂ ಒಂದು ಹಿಡಿ ಉಪ್ಪು ಕೇಳಿದ್ದನ್ನು ಕಂಡಿಲ್ಲ. ಅಂಥವರು ಹೆತ್ತ ಮಗನ ಮುಂದೆ ಎರಡು ಕೈಯಲ್ಲೂ ಸೆರಗು ಹಿಡಿದು ಒಡ್ಡಿದರು.

"ಬೇಡ್ತೀನಿ ಕಣೋ. ಆ ಪಾಕೀಟು ಬ್ಯಾಡ. ನಿನ್ನ ಹೈಬ್ರಿಡ್ಡೇ ಹಾಕು, ನಾನು ಬ್ಯಾಡ ಅನ್ನಲ್ಲ. ಈ ವರ್ಷ ಸ್ವಲ್ಪ ತಡವಾಗಿ ಬಿತ್ತು. ನಿಂದು ನಂದು ಒಟ್ಟಿಗೆ ಹೂ ಬಿಡೋದು ಬ್ಯಾಡ."

ಅವನ ಮುಖ ಕಪ್ಪಿಟ್ಟಿತು. "ಸೆರಗು ಇಳ್ಸವ್ವ. ಯಾರಾದ್ರೂ ನೋಡ್ತಾರೆ."

"ನೋಡ್ಲಿ."

"ತಡ ಮಾಡಿದ್ರೆ ಮಳೆಗೆ ಸಿಕ್ಕಿ ಅರ್ಧ ಬೆಳೆ ಹೋಯ್ತದೆ ಕಣವ್ವ."

"ಗೊತ್ತು. ಗೊತ್ತಿದ್ದೇ ಕೇಳ್ತಿದೀನಿ."

ಅವನು ಪೈಪು ಬಿಸಾಕಿ ಒಳಗೆ ಹೋದ. ಪಾಕೀಟುಗಳನ್ನು ತಂದು ನನ್ನ ಕೈಗೆ ತುರುಕಿ, "ವಾಪಸ್ ಕೊಡ್ರಿ, ಸುಟ್ಟು ಹಾಕ್ರಿ, ಏನಾದ್ರೂ ಮಾಡ್ಕೊಳ್ಳಿ ಅತ್ತಿಗೆ" ಅಂದ. ಅವ್ವನ ಕಡೆ ತಿರುಗದೆಯೇ, "ನಿನ್ನ ಜೋಳ ಮೊಣಕಾಲುದ್ದ ಬರೋಗಂಟ ನಾನು ಬಿತ್ತಲ್ಲ. ಸಾಕಾ?" ಎಂದು ಕೇಳಿದ.

ಅತ್ತೆಯ ಕಣ್ಣಿಂದ ನೀರು ಬಳಬಳನೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಿನ್ನ ಹೊಲದಿಂದಾಚೆ ಈ ವರ್ಷ ಜೋಳ ಯಾರ್ದು?"

ಮೈದುನ ಹೇಳಿದ. ಬದುವಿನ ಜಗಳವಾಗಿ, ಸಾವಿಗೂ ಮದುವೆಗೂ ನಾವು ಹೋಗಿ ಬಂದು ಮಾಡದ ಮನೆ ಅದು.

"ನಡಿ, ಅಲ್ಲಿಗೂ ಹೋಗಾನ" ಎಂದು ಅತ್ತೆ ನನಗೆ ಹೇಳಿ, ಕೈಯಲ್ಲಿದ್ದ ಸೆರಗನ್ನು ಹೆಗಲಿಗೆ ಹಾಕಿಕೊಳ್ಳದೆಯೇ ಹೊರಟರು.